ಸಾಂತಾ ರೋಸದ ಕಹಿ ಪಾನೀಯ

ತೀರ್ಥಯಾತ್ರೆಯಿಂದ ಮರಳಿದವರು ನೆರೆಹೊರೆಯವರಿಗೆ ತೀರ್ಥಪ್ರಸಾದಗಳನ್ನು ಹಂಚುವುದು ನಮ್ಮ ದೇಶದ ಸಂಪ್ರದಾಯವಷ್ಟೆ. ನಾವು ಈಗ ಹೇಳಹೊರಟಿರುವ ಯಾತ್ರೆಯ ತೀರ್ಥವು ಹಾಗೆ ಹಂಚತಕ್ಕದ್ದಲ್ಲ. ಅದು ಬಿಯರು. ಅದರಲ್ಲಿಯೂ ಸಾಮಾನ್ಯವಾದ ಬಿಯರಲ್ಲ. ವರ್ಷಕ್ಕೊಮ್ಮೆ, ಎರಡೇ ವಾರಗಳ ಕಾಲ, ಲೋಟದ ಲೆಕ್ಕ ಹಿಡಿದು ಕೊಡತಕ್ಕ, ಬಲು ಕಹಿಯಾದ, ಬಲು ಬಿರುಸಾದ ಬಿಯರು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದರ ಪ್ರಸ್ತಾಪವೇಕೆಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂದು ಬಲ್ಲೆವು. ಕೆಲವು ವರ್ಷಗಳ ಹಿಂದೆ ನಾವೇ ಆಗಿದ್ದರೂ ಹಾಗೆಯೇ ಮಾಡುತ್ತಿದ್ದೆವು. ಆದುದರಿಂದ ಮೊದಲು ನಮ್ಮ ಹುಬ್ಬಿನ ಗಂಟಿನ ಕಥೆಯನ್ನೇ ಹೇಳಿಬಿಡುವುದು ಲೇಸು.

ನಮ್ಮ ಮನೆತನದಲ್ಲಿ ಮದ್ಯವನ್ನು ಮುಟ್ಟದಿರುವುದಕ್ಕೆ ಶಾಸ್ತ್ರಕ್ಕಿಂತಲೂ ಹತ್ತಿರದ ಕಾರಣವೊಂದುಂಟು. ನಮ್ಮ ದೊಡ್ಡಪ್ಪನವರು ಒಳ್ಳೆಯ ಕಂಠದವರು, ಒಳ್ಳೆಯ ಕೈಬರಹದವರು, ಮಕ್ಕಳೆಂದರೆ ಪ್ರಾಣ ಬಿಡುವವರು. ಕುಡಿತವು ಅವರನ್ನು ಹಿಡಿಯಿತು. ಮೊದಲು ಅಜ್ಜಿಯ ಕಾಸಿನ ಸರ ಹೋಯಿತು. ಆಮೇಲೆ ಕೆರೆಯ ಕೆಳಗಿನ ಎರಡು ಎಕರೆ ಗದ್ದೆ ಹೋಯಿತು. ಕೊನೆಗೆ ಅವರೇ ಹೋದರು. ಆ ಹನ್ನೊಂದನೆಯ ದಿನ ಅಜ್ಜಿಯು ಮನೆಯ ಗಂಡುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಾಯಿಮಾತಿನಲ್ಲಿ ಏನನ್ನೂ ಕೇಳದೆ, ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿ ಒಳಗೆ ಹೋದರು. ಆ ನೋಟವೇ ನಮಗೆ ಆಣೆಯಾಯಿತು.

ಹೀಗಿರಲಾಗಿ, ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನ ಭಾವಚಿತ್ರವೊಂದು 2019ರಲ್ಲಿ ನಮ್ಮ ಕಣ್ಣಿಗೆ ಬಿತ್ತು. ಗೆಳೆಯರ ನಡುವೆ ನಗುತ್ತ ಕುಳಿತಿದ್ದಾನೆ. ಕೈಯಲ್ಲಿ ನೊರೆಯ ಲೋಟ. ನಾವು ಆ ರಾತ್ರಿಯೇ ಒಂದು ದೀರ್ಘವಾದ ಕಾಗದವನ್ನು ಬರೆದೆವು. ಅದರಲ್ಲಿ ದೊಡ್ಡಪ್ಪನವರ ಹೆಸರನ್ನೂ, ರಕ್ತದ ದೋಷವೆಂಬ ಮಾತನ್ನೂ ಬಳಸಿದೆವು. ಮಗನು ಉತ್ತರ ಕೊಡಲಿಲ್ಲ. ಕೆಲವು ತಿಂಗಳ ಮೇಲೆ ಮಾತುಕತೆ ಮರಳಿ ಸಾಗಿತೇನೋ ನಿಜ. ಆದರೆ ಅದು ಮಳೆ, ಬಿಸಿಲು, ರಕ್ತದ ಒತ್ತಡ, ಇಷ್ಟರಲ್ಲಿಯೇ ಸುತ್ತುತ್ತಿತ್ತು. ಬಾಗಿಲು ತೆರೆದಿದ್ದರೂ ಒಳಕ್ಕೆ ಕರೆಯದ ಮನೆಯ ಹಾಗೆ.

2025ರ ಮಾರ್ಚಿ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅವನಲ್ಲಿಗೆ ಹೋದೆವು. ಯುಗಾದಿಯು ಆ ವರ್ಷ ಮಾರ್ಚಿ 30ರಂದು ಬಂದಿತ್ತು. ಸೊಸೆಯು ಅಂಗಡಿಯಿಂದ ಒಣಗಿದ ಬೇವಿನ ಎಲೆಯನ್ನು ತಂದು, ಬೆಲ್ಲದೊಡನೆ ಕುಟ್ಟಿ, ಎಲ್ಲರ ಕೈಗೂ ಹಾಕಿದಳು. ಆ ಸಂಜೆ ಮಗನು ನೆಲವನ್ನು ನೋಡುತ್ತ ಹೇಳಿದನು: “ಉತ್ತರಕ್ಕೆ ಸಾಂತಾ ರೋಸವೆಂಬ ಊರಿದೆ. ಅಲ್ಲಿ ಈ ವಾರ ಒಂದು ಬಿಯರು ಕೊಡುತ್ತಾರೆ. ವರ್ಷವೂ ನಾವು ಹೋಗುತ್ತೇವೆ. ನೀವು ಕುಡಿಯಬೇಕಾದುದಿಲ್ಲ. ಸುಮ್ಮನೆ ಬಂದು ನೋಡಿರಿ.” ನಾವು ಏನು ಹೇಳುವೆವೋ ಎಂದು ಅವನಿಗಿದ್ದ ಅಳುಕು ನಮ್ಮನ್ನು ಚುಚ್ಚಿತು. ನಾವು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯವರು, “ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು?” ಎಂದು ಕೇಳಿಬಿಟ್ಟರು.

ಎರಡು ದಿನದ ಮೇಲೆ ಕತ್ತಲಿರುವಾಗಲೇ ಹೊರಟೆವು. ಸಾನ್ ಫ್ರಾನ್ಸಿಸ್ಕೋ ನಗರವನ್ನು ಹಾಯ್ದು, 1937ರಲ್ಲಿ ಸಂಚಾರಕ್ಕೆ ತೆರೆದ ಗೋಲ್ಡನ್ ಗೇಟ್ ಸೇತುವೆಯ ಕೆಂಬಣ್ಣದ ಗೋಪುರಗಳು ಮಂಜಿನಲ್ಲಿ ಅರ್ಧ ಮುಳುಗಿರುವುದನ್ನು ನೋಡುತ್ತ ಉತ್ತರಕ್ಕೆ ತಿರುಗಿದೆವು. ಸೇತುವೆಯಿಂದಾಚೆಗೆ ಸುಮಾರು 50 ಮೈಲಿಗಳ ದಾರಿ. ವಸಂತದ ಹುಲ್ಲು ಹೊದೆದ ದುಂಡನೆಯ ಗುಡ್ಡಗಳು ಮಲೆನಾಡಿನ ಬಾಬಾ ಬುಡನ್ ಗಿರಿಯ ಕಡೆಯ ಬೋಳುಗುಡ್ಡಗಳನ್ನು ನೆನಪಿಗೆ ತಂದುವು. ಮುಂದೆ ದ್ರಾಕ್ಷಿಯ ತೋಟಗಳು. ಚಿಗುರು ಆಗತಾನೆ ಒಡೆಯುತ್ತಿತ್ತು. ಸೊನೋಮ ಪ್ರಾಂತವು ದ್ರಾಕ್ಷಾಮದ್ಯಕ್ಕೆ ಹೆಸರಾದುದು. ಆದರೆ ಹಿಂದೊಂದು ಕಾಲಕ್ಕೆ ಇದೇ ನೆಲದಲ್ಲಿ ಬಿಯರಿಗೆ ಬೇಕಾದ ಹಾಪ್ ಬಳ್ಳಿಯನ್ನು ವಿಶೇಷವಾಗಿ ಬೆಳೆಯುತ್ತಿದ್ದರು. ಆ ಬೆಳೆ ಹೋಗಿ ಎಷ್ಟೋ ಕಾಲವಾದರೂ ಅದರ ಹೂವನ್ನು ಒಣಗಿಸುತ್ತಿದ್ದ ಗೂಡುಮನೆಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಇಲ್ಲಿ ಹರಿಯುವ ಹೊಳೆಗೆ ರಷ್ಯನ್ ರಿವರ್ ಎಂದು ಹೆಸರು. ರಷ್ಯದವರು 1812ರಿಂದ 1841ರವರೆಗೆ ಈ ಕರಾವಳಿಯಲ್ಲಿ ರಾಸ್ ಎಂಬ ಕೋಟೆಯನ್ನು ಕಟ್ಟಿಕೊಂಡಿದ್ದರ ಗುರುತು ಅದು. ನಾವು ನೋಡಹೋದ ಬಿಯರು ಮನೆಯೂ ಆ ಹೊಳೆಯ ಹೆಸರನ್ನೇ ಇಟ್ಟುಕೊಂಡಿದೆ.

ಸಾಂತಾ ರೋಸವು ಕಷ್ಟವನ್ನು ಕಂಡ ಊರು. 1906ರ ಮಹಾಭೂಕಂಪದಲ್ಲಿ ಪೇಟೆಯ ನಡುಭಾಗವೆಲ್ಲ ಕುಸಿದುಬಿತ್ತು. 2017ರ ಅಕ್ಟೋಬರಿನಲ್ಲಿ ಒಂದು ರಾತ್ರಿ ಬೆಟ್ಟದ ಮೇಲಿನಿಂದ ಇಳಿದ ಕಾಳ್ಗಿಚ್ಚು ಊರೊಳಕ್ಕೆ ನುಗ್ಗಿ ಸಾವಿರಾರು ಮನೆಗಳನ್ನು ಬೂದಿ ಮಾಡಿತು. ಈಗ ನೋಡಿದವರಿಗೆ ಅದರ ಸುಳಿವು ಹತ್ತದು. ಮರಗಳ ನೆರಳಿನ ಬೀದಿಗಳು, ಪುಸ್ತಕದಂಗಡಿ, ನಿಧಾನವಾಗಿ ನಡೆಯುವ ಜನ.

ನಾಲ್ಕನೆಯ ಬೀದಿಯ ಆ ಬಿಯರು ಮನೆಯ ಬಾಗಿಲು ತೆರೆಯುವುದು ಹನ್ನೊಂದು ಗಂಟೆಗೆ. ನಾವು ಎಂಟಕ್ಕೆ ಮುಂಚೆಯೇ ಹೋದರೂ ಸಾಲು ಬೀದಿಯ ತಿರುವನ್ನು ದಾಟಿತ್ತು. ಮಡಚುವ ಕುರ್ಚಿ, ಕಂಬಳಿ, ತಿಂಡಿಯ ಬುಟ್ಟಿ, ಇಸ್ಪೀಟು, ಎಲ್ಲವನ್ನೂ ಹೊತ್ತು ಬಂದ ಜನ. ತಿರುಪತಿಯ ಧರ್ಮದರ್ಶನದ ಸಾಲಿನಲ್ಲಿ ನಿಂತು ನುರಿತ ನಮಗೆ ಇದೇನೂ ಹೊಸತಾಗಿರಲಿಲ್ಲ. ಹೊಸತೆಂದರೆ ನೂಕುನುಗ್ಗಲಿಲ್ಲದಿದ್ದುದು. ಹಿಂದೆ ನಿಂತಿದ್ದ ವೃದ್ಧ ದಂಪತಿಗಳು ನಮ್ಮ ಮನೆಯವರಿಗೆ ತಮ್ಮ ಕುರ್ಚಿಯನ್ನು ಕೊಟ್ಟರು. ನಮ್ಮ ಮನೆಯವರು ಅವರಿಗೆ ಯುಗಾದಿಯ ಒಬ್ಬಟ್ಟನ್ನು ಕೊಟ್ಟರು. ಅಲ್ಲಿಗೆ ಎರಡು ದೇಶಗಳ ನಡುವೆ ಒಪ್ಪಂದವಾಯಿತು.

ಆ ಮೂರು ಗಂಟೆಗಳ ಕಾಲ ಮಗನು ಮಾತಾಡಿದಷ್ಟು ಹಿಂದಿನ ಐದು ವರ್ಷಗಳಲ್ಲಿ ಮಾತಾಡಿರಲಿಲ್ಲ. ನಾವು ಕೇಳುತ್ತ ಹೋದೆವು. ಅವನು ಹೇಳುತ್ತ ಹೋದನು. ಅದರ ಸಾರಾಂಶವನ್ನು ವಾಚಕರಿಗೂ ಒಪ್ಪಿಸುತ್ತೇವೆ.

ಈ ಸಂಸ್ಥೆಯನ್ನು 1997ರಲ್ಲಿ ಸ್ಥಾಪಿಸಿದವರು ಕೊರ್ಬೆಲ್ ಎಂಬ ದ್ರಾಕ್ಷಾಮದ್ಯದ ಕಂಪೆನಿಯವರು. ಕೆಲವು ವರ್ಷಗಳಲ್ಲಿ ಅವರು ಬಿಯರಿನ ವ್ಯಾಪಾರವನ್ನು ಕೈಬಿಡಲಾಗಿ, ಅಲ್ಲಿ ಬಿಯರು ಕಾಸುತ್ತಿದ್ದ ವಿನ್ನಿ ಸಿಲುರ್ಜೊ ಎಂಬವರು ಅದರ ಹೆಸರನ್ನು ಪಡೆದುಕೊಂಡು, ತಮ್ಮ ಪತ್ನಿ ನಟಾಲಿಯವರೊಡನೆ 2004ರಲ್ಲಿ ಈ ಪೇಟೆಯಲ್ಲಿ ಅಂಗಡಿ ತೆರೆದರು. ಅವರ ಹೆಸರುವಾಸಿಯಾದ ಬಿಯರಿಗೆ ಹಿರಿಯ ಪ್ಲಿನಿ ಎಂದೂ, ಅದಕ್ಕಿಂತ ಬಿರುಸಾದ, ವರ್ಷಕ್ಕೊಮ್ಮೆ ಬರುವ ಬಿಯರಿಗೆ ಕಿರಿಯ ಪ್ಲಿನಿ ಎಂದೂ ಹೆಸರು. ಹಿರಿಯ ಪ್ಲಿನಿಯು ರೋಮಿನ ಪಂಡಿತನು. ಪ್ರಕೃತಿಯ ಸಮಸ್ತ ಸಂಗತಿಗಳನ್ನೂ ಕುರಿತು ಬೃಹದ್‌ಗ್ರಂಥವೊಂದನ್ನು ಬರೆದವನು. ಅದರಲ್ಲಿ ಅವನು ವಿಲ್ಲೋ ಮರಗಳ ನಡುವೆ ಬೆಳೆಯುವ ತೋಳವೆಂದು ಹೆಸರಿಸಿದ ಬಳ್ಳಿಯೇ ಈ ಹಾಪ್ ಎಂದು ಬಹುಕಾಲದಿಂದ ನಂಬುತ್ತಾರೆ. ಅದರ ಶಾಸ್ತ್ರೀಯ ನಾಮದಲ್ಲಿ ಇಂದಿಗೂ ತೋಳವು ಉಳಿದುಕೊಂಡಿದೆ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಈತನು ನೌಕೆಗಳನ್ನು ತೆಗೆದುಕೊಂಡು ಜನರನ್ನು ಪಾರುಮಾಡಹೋಗಿ ಮಡಿದನು. ಆ ವೃತ್ತಾಂತವನ್ನು ಇತಿಹಾಸಕಾರ ಟ್ಯಾಸಿಟಸನಿಗೆ ಕಾಗದದ ಮೂಲಕ ಬರೆದು ಉಳಿಸಿದವನು ಅವನ ಸೋದರಿಯ ಮಗನೂ ದತ್ತಪುತ್ರನೂ ಆದ ಕಿರಿಯ ಪ್ಲಿನಿ. ಹಿರಿಯನನ್ನು ಕಳೆದುಕೊಂಡ ಕಿರಿಯನು ಕಾಗದ ಬರೆದನೆಂಬ ಮಾತು ಬಂದಾಗ, ಕಾಗದ ಬರೆದು ಕಿರಿಯನನ್ನು ಕಳೆದುಕೊಳ್ಳಲಿದ್ದ ನಾವು ಸ್ವಲ್ಪ ಹೊತ್ತು ಬೀದಿಯ ಮರಗಳನ್ನು ನೋಡುತ್ತ ನಿಂತೆವು.

ಈ ಬಗೆಯ ಬಿಯರಿಗೆ ಇಂಡಿಯಾ ಪೇಲ್ ಏಲ್ ಎಂದು ಜಾತಿಯ ಹೆಸರು. “ಇದರಲ್ಲಿ ಇಂಡಿಯ ಎಲ್ಲಿಂದ ಬಂತು?” ಎಂದು ನಮ್ಮ ಮನೆಯವರು ಕೇಳಿದರು. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಬಿಯರು ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬರುತ್ತಿತ್ತು. ಸುಯೆಜ್ ಕಾಲುವೆಯಿನ್ನೂ ಇಲ್ಲದ ಆ ಕಾಲದಲ್ಲಿ ಹಡಗು ಆಫ್ರಿಕವನ್ನು ಸುತ್ತಿಕೊಂಡು, ಸಮಭಾಜಕ ರೇಖೆಯನ್ನು ಎರಡು ಸಲ ದಾಟಿ, ಹಲವು ತಿಂಗಳ ಮೇಲೆ ದಡ ಸೇರಬೇಕು. ಹಾಪ್ ಹೂವಿಗೆ ಹುಳಿಯಾಗುವುದನ್ನು ತಡೆಯುವ ಗುಣವಿರುವುದರಿಂದ ಅದನ್ನು ಧಾರಾಳವಾಗಿ ಹಾಕಿದ ಬಿಯರು ಈ ಪಯಣವನ್ನು ತಾಳಿಕೊಂಡಿತು. ಮುಂದೆ 1820ರ ದಶಕದಲ್ಲಿ ಬರ್ಟನ್ ಊರಿನವರು ಈ ವ್ಯಾಪಾರವನ್ನು ಕೈಗೆ ತೆಗೆದುಕೊಂಡರು. ಕುಡಿದವರು ನಮ್ಮವರಲ್ಲ, ನಮ್ಮನ್ನು ಆಳಬಂದವರು. ಆದರೂ ಹೆಸರು ನಮ್ಮದು ಉಳಿಯಿತು. ಊಟ ಮಾಡದ ಮದುವೆಯ ಆಮಂತ್ರಣದಲ್ಲಿ ನಮ್ಮ ಹೆಸರು ಅಚ್ಚಾದಂತೆ!

ಇನ್ನು ತಯಾರಿಕೆಯ ವಿಚಾರ. ನಮ್ಮ ಗೃಹಿಣಿಯರು ರಾಗಿಯನ್ನು ನೆನೆಯಿಟ್ಟು, ಮೊಳಕೆ ಬರಿಸಿ, ಒಣಗಿಸಿ, ಮಗುವಿಗೆ ಹಿಟ್ಟು ಮಾಡುವುದುಂಟಷ್ಟೆ. ಬಾರ್ಲಿಯನ್ನು ಹಾಗೆಯೇ ಮೊಳಕೆ ಬರಿಸಿ ಒಣಗಿಸಿ ಬಿಸಿನೀರಿನಲ್ಲಿ ನೆನೆಸಿದರೆ ಸಿಹಿಯಾದ ಗಂಜಿನೀರು ಇಳಿಯುತ್ತದೆ. ಅದನ್ನು ಹಾಪ್ ಹೂವಿನೊಡನೆ ಕುದಿಸುತ್ತಾರೆ. ಕುದಿತದಿಂದ ಕಹಿಯು ಬಿಡುತ್ತದೆ. ಆರಿದ ಮೇಲೆ ಕಿಣ್ವವನ್ನು ಸೇರಿಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುತ್ತದೆ. ಹಾಪ್ ಎಂಬುದು ಹಸುರು ಪದರಗಳ ಮೊಗ್ಗಿನಂಥ ಹೂವು. ಪದರಗಳ ಬುಡದಲ್ಲಿ ಹಳದಿಯ ಧೂಳಿ. ಕಹಿಯೂ ಕಂಪೂ ಇರುವುದು ಅದರಲ್ಲಿ. ಅಮೆರಿಕದ ಹಾಪ್ ಬಹುಪಾಲು ಈಗ ವಾಷಿಂಗ್ಟನ್ ಸಂಸ್ಥಾನದ ಯಾಕಿಮಾ ಕಣಿವೆಯಿಂದ ಬರುತ್ತದೆ. ಕುದಿಸಿದರೆ ಕಂಪು ಆವಿಯಾಗಿ ಹೋಗುವುದರಿಂದ, ಒಗ್ಗರಣೆಯನ್ನು ಕೊನೆಯಲ್ಲಿ ಹಾಕುವಂತೆ, ಹುದುಗಿದ ಬಿಯರಿನ ಪಾತ್ರೆಗೆ ಒಣ ಹೂವನ್ನು ಮತ್ತೆ ಸುರಿಯುತ್ತಾರೆ. ಕಿರಿಯ ಪ್ಲಿನಿಗೆ ಇದನ್ನು ಒಂದಲ್ಲ, ಹಲವು ಸಲ ಮಾಡುತ್ತಾರೆ. ಧಾನ್ಯವೂ ಹೆಚ್ಚು, ಹೂವೂ ಹೆಚ್ಚು, ಕಾಯುವ ದಿನಗಳೂ ಹೆಚ್ಚು. ಹೂವಿನ ರಾಶಿಯು ಬಿಯರನ್ನು ಹೀರಿಕೊಂಡು ಬಿಡುವುದರಿಂದ ಕೈಗೆ ಸಿಕ್ಕುವುದು ಕಡಿಮೆ. ಇಷ್ಟು ಹೊತ್ತು ಪಾತ್ರೆಗಳನ್ನು ಹಿಡಿದಿಡುವ ಪದಾರ್ಥವನ್ನು ವರ್ಷವೆಲ್ಲ ಮಾಡುತ್ತ ಕೂರುವುದು ಸಾಧ್ಯವಿಲ್ಲ.

ಇದನ್ನು ಮೊದಲು ಕಾಸಿದುದು 2005ರಲ್ಲಿ. ಆಗ ಯಾರೂ ಸಾಲು ನಿಲ್ಲುತ್ತಿರಲಿಲ್ಲ. 2010ರಲ್ಲಿ ಇದ್ದುದೆಲ್ಲ ಒಂದೇ ದಿನದಲ್ಲಿ ಮುಗಿದುಹೋಯಿತು. ಬೇರೆ ವ್ಯಾಪಾರಿಯಾಗಿದ್ದರೆ ಬೆಲೆಯನ್ನು ಏರಿಸುತ್ತಿದ್ದನು, ಇಲ್ಲವೆ ನೀರು ಬೆರೆಸುತ್ತಿದ್ದನು. ಇವರು ದಿನಕ್ಕಿಷ್ಟೆಂದು ಪಾಲುಮಾಡಿ ಎರಡು ವಾರಕ್ಕೆ ಹಂಚಿದರು. 10 ಔನ್ಸಿನ ಲೋಟ. ಒಬ್ಬರಿಗೆ ಮೂರಕ್ಕೆ ಮೀರಿ ಇಲ್ಲ. ಮದ್ಯಸಾರವು ನೂರಕ್ಕೆ 10.25 ಪಾಲು, ಅಂದರೆ ಸಾಮಾನ್ಯವಾದ ಬಿಯರಿನ ಇಮ್ಮಡಿ.

ಹನ್ನೊಂದು ಹೊಡೆಯಿತು. ಒಳಗೆ ಮರದ ಮೇಜುಗಳು, ಗದ್ದಲ, ರೊಟ್ಟಿ ಬೇಯುವ ವಾಸನೆ. ತರಕಾರಿಯ ಪಿಟ್ಜವೊಂದನ್ನು ತರಿಸಿದೆವು. ಮಗನು ಒಂದು ಲೋಟ ಕಿರಿಯ ಪ್ಲಿನಿಯನ್ನು ತರಿಸಿ ಮೇಜಿನ ನಡುವೆ ಇಟ್ಟನು; ತಾನು ಮುಟ್ಟಲಿಲ್ಲ. ಸೊಸೆಯು ತನಗೆ ನೀರನ್ನು ತರಿಸಿಕೊಂಡಳು.

ಕಾಸಿ ಸೋಸಿದ ಹೊಸ ತುಪ್ಪದ ಬಣ್ಣ. ಮೇಲೆ ತೆಳುವಾದ ಬಿಳಿಯ ನೊರೆ. ನಾವು ಬಾಲ್ಯದಿಂದ ಆ ಜಾತಿಯ ಪದಾರ್ಥದಲ್ಲಿ ಬಲ್ಲ ವಾಸನೆಯೊಂದೇ: ದೊಡ್ಡಪ್ಪನವರ ಅಂಗವಸ್ತ್ರದ ಹುಳಿವಾಸನೆ. ಅದಕ್ಕಾಗಿ ಮೂಗನ್ನು ಸಿದ್ಧಮಾಡಿಕೊಂಡು ಬಗ್ಗಿದೆವು. ಬಂದುದೇ ಬೇರೆ. ಚಕ್ಕೋತದ ಸಿಪ್ಪೆಯನ್ನು ಸುಲಿದ ಹಾಗೆ. ಮಾವಿನಕಾಯಿಯ ತೊಟ್ಟು ಮುರಿದಾಗ ಸಿಡಿಯುವ ಸೊನೆಯ ಹಾಗೆ. ಅದರ ಹಿಂದೆ ಮಳೆಯಲ್ಲಿ ನೆನೆದ ದೇವದಾರಿನ ಹಾಗೆ. ಇದು ಕುಡಿಯುವ ವಸ್ತುವೋ ತೋಟವೋ ಎಂದು ಸಂದೇಹವಾಯಿತು.

ಅಜ್ಜಿಯ ನೋಟವು ಎದುರಿಗೆ ಬಂದು ನಿಂತಿತು. ಕೈ ಮುಂದಕ್ಕೆ ಹೋಗಲಿಲ್ಲ. ಮಗನು ಒತ್ತಾಯ ಮಾಡಲಿಲ್ಲ. ಆಗ ನಮ್ಮ ಮನೆಯವರು ಯಾವ ಪೀಠಿಕೆಯೂ ಇಲ್ಲದೆ ಲೋಟವನ್ನು ಎತ್ತಿ ಒಂದು ಗುಟುಕು ಕುಡಿದು, ಮುಖವನ್ನು ಕಿವುಚಿ, ಮಗನ ಕಡೆಗೆ ತಿರುಗಿ ತೀರ್ಪು ಕೊಟ್ಟರು: “ಹಾಗಲಕಾಯಿಯ ಗೊಜ್ಜಿಗೆ ಬೆಲ್ಲ ಮರೆತ ಹಾಗಿದೆ. ಇದಕ್ಕಾಗಿ ಮೂರು ಗಂಟೆ ನಿಲ್ಲುವವನು, ನಾನು ನೆಲಬೇವಿನ ಕಷಾಯ ಕೊಟ್ಟಾಗ ಊರೆಲ್ಲ ಕೇಳುವಂತೆ ಅತ್ತದ್ದೇಕೆ?”

ಮಗನು ನಕ್ಕನು. ಆ ಭಾವಚಿತ್ರದಲ್ಲಿದ್ದ ನಗು ಅದು. ನಾವು ಅದನ್ನು ಎದುರಾಎದುರು ಕಂಡು ಎಷ್ಟು ವರ್ಷವಾಗಿತ್ತು!

ನಾವೂ ಲೋಟವನ್ನು ಎತ್ತಿದೆವು. ಮೊದಲು ನಾಲಗೆಯ ತುದಿಗೆ ಮೊಳಕೆಯ ಧಾನ್ಯದ ಸಿಹಿ. ಒಂದು ಕ್ಷಣದಲ್ಲಿ ಕಹಿಯು ಬಂದು ಬಾಯನ್ನು ತುಂಬಿತು. ಬೇವಿನ ಕಹಿಯು ಒಮ್ಮೆಲೆ ಹೊಡೆದು ಹೋಗುವಂಥದು. ಇದು ನಿಂತು, ಹರಡಿ, ಕಿತ್ತಳೆಯ ಸಿಪ್ಪೆಯ ಒಗರಾಗಿ, ಗಂಟಲಲ್ಲಿ ಬೆಚ್ಚಗೆ ಇಳಿಯಿತು. ಎರಡನೆಯ ಗುಟುಕಿನಲ್ಲಿ ಆ ಕಹಿಯನ್ನು ನಾಲಗೆಯೇ ಹುಡುಕಿತು. ಮೂರನೆಯ ಗುಟುಕಿಗೆ ಕಿವಿ ಬಿಸಿಯಾಯಿತು. ಆಗ ನಮಗೆ ಭಯವಾಯಿತು. ಇಷ್ಟು ಬಿರುಸು ಇದರಲ್ಲಿದೆಯೆಂಬುದನ್ನು ಕಂಪೂ ಕಹಿಯೂ ಸೇರಿ ಮುಚ್ಚಿಟ್ಟಿದ್ದುವು. ದೊಡ್ಡಪ್ಪನವರಿಗೆ ಮೊದಲ ದಿನ ಸಿಕ್ಕಿದುದೂ ಇಂಥದೇ ಒಂದು ಬೆಚ್ಚಗಿನ ಸುಖವಾಗಿರಬೇಕು. ಆತನು ದುಷ್ಟನಾಗಿರಲಿಲ್ಲ, ಆತನಿಗೆ ಮೂರಕ್ಕೆ ಮೀರಿ ಇಲ್ಲವೆನ್ನುವವರು ಇರಲಿಲ್ಲ. ಇದ್ದ ಅಂಗಡಿಯವನು ಸಾಲದ ಪುಸ್ತಕವನ್ನು ತೆರೆದು ಕುಳಿತಿದ್ದನು. ಲೋಟವನ್ನು ಮಗನ ಕಡೆಗೆ ಸರಿಸಿದೆವು.

ಅವನು ಅದನ್ನು ಅರ್ಧ ಗಂಟೆಯ ಕಾಲ, ಮಾತಿನ ನಡುವೆ, ಸ್ವಲ್ಪಸ್ವಲ್ಪವಾಗಿ ಕುಡಿದನು. ಪರಿಚಾರಿಕೆಯು ಬಂದು, ಇನ್ನೊಂದನ್ನು ತರಲೇ ಎಂದು ಕೇಳಿದಳು. ಮೂರು ಗಂಟೆ ನಿಂತು ಗಳಿಸಿದ ಹಕ್ಕು ಇನ್ನೂ ಉಳಿದಿತ್ತು. ಅವನು ಬೇಡವೆಂದನು. ಹಾಗೆಂದು ನಮ್ಮ ಮುಖವನ್ನು ನೋಡಲಿಲ್ಲ. ನಮಗೆ ತೋರಿಸುವುದಕ್ಕಾಗಿ ಹೇಳಿದುದಲ್ಲವೆಂಬುದು ಅದರಿಂದಲೇ ತಿಳಿಯಿತು. ಬಳಿಕ ಜೇಬಿನಿಂದ ಮೋಟಾರಿನ ಬೀಗದ ಕೈಯನ್ನು ತೆಗೆದು ಸೊಸೆಯ ಕೈಗೆ ಕೊಟ್ಟನು. ಬೆಳಿಗ್ಗೆಯೇ ಗೊತ್ತುಮಾಡಿಕೊಂಡ ಏರ್ಪಾಡು ಅದು. ಪ್ರತಿವರ್ಷವೂ ಹಾಗೆಯೇ, ಒಂದು ವರ್ಷ ಇವನ ಸರದಿ, ಒಂದು ವರ್ಷ ಅವಳ ಸರದಿ.

ಮಧ್ಯಾಹ್ನ ಅಲ್ಲಿಯೇ ಹತ್ತಿರದಲ್ಲಿರುವ ಲೂಥರ್ ಬರ್ಬ್ಯಾಂಕರ ತೋಟಕ್ಕೆ ಹೋಗಿ ಕುಳಿತೆವು. ಆಲೂಗೆಡ್ಡೆಯಿಂದ ಹಿಡಿದು ಪ್ಲಮ್ ಹಣ್ಣಿನವರೆಗೆ 800ಕ್ಕೂ ಮಿಕ್ಕ ಹೊಸ ತಳಿಗಳನ್ನು ಲೋಕಕ್ಕೆ ಕೊಟ್ಟ ಸಸ್ಯತಜ್ಞರು ಅವರು. 1875ರಲ್ಲಿ ಈ ಊರಿಗೆ ಬಂದು, 1926ರಲ್ಲಿ ಇಲ್ಲಿಯೇ ತೀರಿಕೊಂಡರು. ನಮ್ಮ ಪರಮಹಂಸ ಯೋಗಾನಂದರು ಇವರ ಸ್ನೇಹಿತರಾಗಿದ್ದರು. 1946ರಲ್ಲಿ ಅಚ್ಚಾದ ತಮ್ಮ ಆತ್ಮಕಥೆಯನ್ನು ಇವರ ನೆನಪಿಗೆ ಅರ್ಪಿಸಿದರು. ಬರ್ಬ್ಯಾಂಕರು ಮುಳ್ಳಿಲ್ಲದ ಕಳ್ಳಿಯನ್ನು ಬೆಳೆಸುವಾಗ ಆ ಗಿಡದೊಡನೆ ಮಾತಾಡುತ್ತಿದ್ದರೆಂದೂ, ನಿನಗೆ ಇಲ್ಲಿ ಭಯವಿಲ್ಲ, ಮುಳ್ಳು ಬೇಕಾಗಿಲ್ಲ, ನಾವು ಕಾಪಾಡುತ್ತೇವೆ ಎಂಬರ್ಥದ ಧೈರ್ಯ ಹೇಳುತ್ತಿದ್ದರೆಂದೂ ಆ ಪುಸ್ತಕದಲ್ಲಿದೆ. ಆ ಕಳ್ಳಿಯು ತೋಟದಲ್ಲಿ ಇಂದಿಗೂ ಇದೆ. ಅದರ ಮುಂದೆ ನಿಂತು ನಾವು ಮಗನಿಗೆ ಹೇಳಿದೆವು: “ಆ ಕಾಗದದಲ್ಲಿ ರಕ್ತದ ಮಾತನ್ನು ಬರೆಯಬಾರದಾಗಿತ್ತು.” ಅವನು ಬಹಳ ಹೊತ್ತು ಸುಮ್ಮನಿದ್ದು, “ದೊಡ್ಡಜ್ಜನ ಹಾಡು ನಿಮಗೆ ಯಾವುದಾದರೂ ನೆನಪಿದೆಯೆ?” ಎಂದು ಕೇಳಿದನು. ಮನೆಯಲ್ಲಿ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನೆನಪಿದ್ದುದು ಒಂದೇ ಪಲ್ಲವಿ. ಅದನ್ನು ಹಾಡಿದೆವು.

ವಾಚಕರು ನಮ್ಮ ಉಪದೇಶವನ್ನು ನಿರೀಕ್ಷಿಸಬಹುದು. ಕುಡಿಯಿರೆಂದು ನಾವು ಯಾರಿಗೂ ಹೇಳಲಾರೆವು. ನಮ್ಮ ಕೆರೆಯ ಕೆಳಗಿನ ಗದ್ದೆಯಲ್ಲಿ ಈಗಲೂ ಬೇರೆಯವರ ಪೈರು ಬೆಳೆಯುತ್ತಿದೆ. ನಾವು ಆ ಮೂರು ಗುಟುಕಿನ ಮೇಲೆ ಮತ್ತೆ ಕುಡಿದಿಲ್ಲ, ಕುಡಿಯುವ ಮನಸ್ಸೂ ಇಲ್ಲ. ಆದರೆ ಮಗನ ಲೋಟವನ್ನು ದೂರದಿಂದ ಅಳೆಯಹೋದಾಗ ನಮ್ಮ ಕೈಯಲ್ಲಿದ್ದುದು ದೊಡ್ಡಪ್ಪನವರ ಅಳತೆ. ಹತ್ತಿರ ಕುಳಿತು ನೋಡಿದಾಗ ಅವನಿಗೆ ಅವನದೇ ಆದ ಅಳತೆಯಿರುವುದು ತಿಳಿದುಬಂತು.

ಈಗ ಪ್ರತಿ ಭಾನುವಾರ ಅವನು ಮಾತಾಡುತ್ತಾನೆ. ಮಳೆಬಿಸಿಲಿನ ಸುದ್ದಿ ಬರುವುದು ಕೊನೆಯಲ್ಲಿ. ಮುಂದಿನ ಯುಗಾದಿಗೆ ಒಣ ಎಲೆಯ ಬದಲು ನಮ್ಮ ಹಿತ್ತಲಿನ ಬೇವಿನ ಹೂವನ್ನೇ ಕಳುಹಿಸಬೇಕೆಂದು ಬರೆದಿದ್ದಾನೆ. ನಮ್ಮ ಮನೆಯವರು ಅದನ್ನು ಆಯ್ದು ಒಣಗಲು ಹರಡಿದ್ದಾರೆ; ಬೆಲ್ಲವನ್ನು ಮರೆಯಬಾರದೆಂದು ಪೊಟ್ಟಣದ ಮೇಲೆ ಬರೆಯುವ ಕೆಲಸವನ್ನು ನಮಗೆ ಒಪ್ಪಿಸಿದ್ದಾರೆ.